ಟಾರ್ಕ್ ರೆಂಚ್ ತೋರಿಸಿ ದುಡ್ಡು ಕೇಳುವ ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನು ಓದಿ

ಬೈಕ್ ಇರುವವರು ದಯವಿಟ್ಟು ಪೂರ್ತಿ ಓದಿ. ಒಂದು ಗ್ಯಾರೇಜಿನವರು ಬಿಲ್ಲಿನಲ್ಲಿ ‘ಟಾರ್ಕ್ ಟೈಟನಿಂಗ್’ ಅಂತ ಬೇರೆ ಲೈನ್ ಹಾಕಿ ₹350 ತಗೊಂಡರು. ಅಂದರೆ ಬೋಲ್ಟನ್ನು ಎಷ್ಟು ಬಲಕ್ಕೆ ಬಿಗಿ ಮಾಡಬೇಕೋ ಅಷ್ಟನ್ನೇ ಟಾರ್ಕ್ ರೆಂಚಿನಲ್ಲಿ ಅಳೆದು ಬಿಗಿ ಮಾಡೋದು. ತಗೊಂಡು ನನ್ನ ಗಾಡಿಯ ಕ್ಲಚ್ ಕವರ್ ಬೋಲ್ಟ್ ಕೂರುವ ತೂತಿನ ಥ್ರೆಡ್ (ಒಳಗಿನ ಸುರುಳಿ ಗೆರೆ) ಹಾಳು ಮಾಡಿ ಕಳಿಸಿದರು. ಮಾಮೂಲಿ ಗ್ಯಾರೇಜಿನಲ್ಲಿ ಕೈ ಅಂದಾಜಲ್ಲಿ ಟೈಟ್ ಮಾಡಿ ಹೀಗಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವರು ದುಡ್ಡು ಕೇಳಿದ್ದೇ ‘ನಮ್ಮಲ್ಲಿ ಅಂದಾಜಿಲ್ಲ ಸರ್, ಎಲ್ಲಾ ಲೆಕ್ಕ’ ಅಂತ ಹೇಳಿ!

ಕೆಲಸ ದೊಡ್ಡದೇನಲ್ಲ. ಕ್ಲಚ್ ಪ್ಲೇಟ್ ಬದಲಾಯಿಸೋದು, ಹೊಸ ಗ್ಯಾಸ್ಕೆಟ್ ಹಾಕೋದು, ಕವರ್ ಸುತ್ತ 8 ನಂಬರ್ ಸ್ಪ್ಯಾನರ್ ಕೂರುವ ಸಣ್ಣ ಬೋಲ್ಟುಗಳನ್ನು ವಾಪಸ್ ಕೂರಿಸೋದು. ನನ್ನ ಗಾಡಿಯ ಮ್ಯಾನುಯಲ್‌ನಲ್ಲಿ ಆ ಬೋಲ್ಟುಗಳಿಗೆ 12 ಎನ್‌ಎಂ ಅಂತ ಇದೆ, ಅಂದರೆ ನ್ಯೂಟನ್ ಮೀಟರ್, ತಿರುಗಿಸುವ ಬಲದ ಅಳತೆ. ಆ ಪುಟದ ಫೋಟೋ ವಾಟ್ಸಾಪಲ್ಲಿ ಕಳಿಸಿದ್ದೆ. ‘12 ತಾನೆ ಸರ್, ಮಾಡ್ತೀವಿ’ ಅಂತ ಉತ್ತರ ಬಂದಿತ್ತು. ಹುಡುಗ ನನ್ನೆದುರೇ ರೆಂಚಿನ ಹಿಡಿ ತಿರುಗಿಸಿ ನಂಬರ್ ಇಟ್ಟು, ಒಂದೊಂದು ಬೋಲ್ಟಿಗೂ ಟಕ್ ಅನ್ನಿಸಿ ತೋರಿಸಿದ. ಇಟ್ಟ ನಂಬರ್ ಮುಟ್ಟಿತು ಅನ್ನೋದಕ್ಕೆ ಆ ಸದ್ದು. ಆ ಟಕ್ ಕೇಳಿ ನಾನೂ ಖುಷಿಯಾಗಿ ಮನೆಗೆ ಬಂದೆ.

ಸ್ವಲ್ಪ ದಿನಕ್ಕೇ ಕವರಿನ ಕೆಳಗಿಂದ ಆಯಿಲ್ ಜಿನುಗಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ. ವಾಪಸ್ ಹೋದೆ. ಹುಡುಗ ಸ್ಪ್ಯಾನರ್ ಹಾಕಿದ, ಬೋಲ್ಟು ಸುಮ್ನೆ ತಿರುಗುತ್ತಲೇ ಇದೆ. ಥ್ರೆಡ್ ಹೋಗಿದೆ. ಬಿಚ್ಚಿದಾಗ ಬೋಲ್ಟಿನ ಜೊತೆ ಅಲ್ಯೂಮಿನಿಯಂ ಸ್ಪ್ರಿಂಗ್ ತರ ಸುತ್ತಿಕೊಂಡು ಹೊರಗೆ ಬಂತು.

ಆಗ ಟೇಬಲ್ ಮೇಲಿದ್ದ ಅದೇ ರೆಂಚ್ ಕೈಗೆ ತಗೊಂಡು ನೋಡಿದೆ. ಎರಡು ಸಾಲು ನಂಬರ್ ಇವೆ. ಒಂದು ಕಡೆ 10, 20, 30. ತಿರುಗಿಸಿದರೆ ಇನ್ನೊಂದು ಕಡೆ 13.6, 27.1, 40.7. ಎನ್‌ಎಂ ಸಾಲು ಅಂದರೆ ಆ ಪಾಯಿಂಟ್ ಇರುವ ಸಾಲು. ರೌಂಡ್ ನಂಬರ್ ಇರೋದು ಫುಟ್-ಪೌಂಡ್, ಅದೇ ಬಲದ ಇನ್ನೊಂದು ಅಳತೆ. 1 ಫುಟ್-ಪೌಂಡ್ ಅಂದರೆ 1.356 ಎನ್‌ಎಂ. ಇವರು 12 ಇಟ್ಟಿದ್ದು ಫುಟ್-ಪೌಂಡ್ ಕಡೆ. ಲೆಕ್ಕ ಹಾಕಿ, 16 ಎನ್‌ಎಂ ದಾಟುತ್ತೆ. ಆ ಸಣ್ಣ ಬೋಲ್ಟಿಗೆ, ಅದೂ ಅಲ್ಯೂಮಿನಿಯಂ ಥ್ರೆಡ್ಡಿಗೆ!

ಅದಕ್ಕಿಂತ ಹೊಟ್ಟೆ ಉರಿದಿದ್ದು ಇದು. ಆ ರೆಂಚ್ ಶುರುವಾಗೋದೇ 13.6 ಎನ್‌ಎಂನಿಂದ. 12 ಎನ್‌ಎಂ ಅದರಲ್ಲಿ ಇಲ್ಲವೇ ಇಲ್ಲ! ಇಲ್ಲದ ನಂಬರಿಗೆ ನನ್ನ ಹತ್ತಿರ ₹350 ತಗೊಂಡಿದ್ದಾರೆ.

ಓನರ್‌ನ ಕೇಳಿದೆ, ‘ಅಣ್ಣಾ, ಇದು ಎನ್‌ಎಂ ಅಲ್ಲ, ಫುಟ್-ಪೌಂಡ್ ಅಲ್ವಾ?’ ಅಂತ. ‘ಯಾವುದಾದರೇನು ಸರ್, 12 ಅಂದರೆ 12 ತಾನೆ?’ ಅಂದರು. ಅವರ ಫೋನಿನಲ್ಲೇ ಕನ್ವರ್ಟ್ ಮಾಡಿಸಿದೆ. 12 ಎನ್‌ಎಂ ಅಂದರೆ 8.85 ಫುಟ್-ಪೌಂಡ್ ಅಂತ ಬಂತು. ಅದನ್ನು ನೋಡಿ ಏನಂದರು ಗೊತ್ತಾ? ‘ನೋಡಿ ಸರ್, 8 ಚಿಲ್ರೆ ಸಾಕಿತ್ತು, ನಾವು 12 ಹಾಕಿದೀವಿ. ಇನ್ನೂ ಸೇಫ್.’ ಸೇಫ್ ಅಂತೆ! ಥ್ರೆಡ್ ಕಿತ್ತು ಟೇಬಲ್ ಮೇಲೆ ಬಿದ್ದಿದೆ, ಸೇಫ್ ಅಂತೆ.

ಆಮೇಲೆ ಮಾತು ಬದಲಾಯಿತು. ‘ಗಾಡಿ ಹಳೇದು ಸರ್, ಥ್ರೆಡ್ ಮೊದಲೇ ವೀಕ್ ಇತ್ತು.’ ವೀಕ್ ಇದ್ದರೆ ಬಿಚ್ಚಿದಾಗಲೇ ಹೇಳಬೇಕಿತ್ತು. ‘ಇಷ್ಟು ವರ್ಷದಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಯಾರು ರೆಂಚ್ ತಿರುಗಿಸಿ ನೋಡ್ತಾರೆ ಹೇಳಿ? ಪಕ್ಕದಲ್ಲಿ ಚೈನ್ ಲೂಬ್ ಮಾಡಿಸಲು ಬಂದಿದ್ದವರೊಬ್ಬರು ನಗುತ್ತಿದ್ದರು, ನನ್ನನ್ನು ನೋಡಿಯೋ ಓನರ್‌ನ ನೋಡಿಯೋ ಗೊತ್ತಾಗಲಿಲ್ಲ. ಕೊನೆಗೆ ‘ಹೆಲಿಕಾಯಿಲ್ ಹಾಕಿಸೋಣ, ಅರ್ಧ ನೀವು ಕೊಡಿ’ ಅಂದರು. ಅಂದರೆ ಥ್ರೆಡ್ ಹೋದ ತೂತಿಗೆ ಹೊಸ ಥ್ರೆಡ್ ಆಗಿ ಕೂರಿಸುವ ತಂತಿ ಸುರುಳಿ. ನಾನು ಗಾಡಿ ತಗೊಂಡು ಲೇತ್ ಅಂಗಡಿಗೆ ಹೋಗಿ ನನ್ನ ದುಡ್ಡಲ್ಲೇ ಹಾಕಿಸಿದೆ. ಇವರ ಕೈಗೆ ಮತ್ತೆ ಗಾಡಿ ಕೊಡುವ ಧೈರ್ಯ ಇರಲಿಲ್ಲ.

ನೀವು ಇಷ್ಟು ಮಾಡಿ. ಟಾರ್ಕ್ ಅಂತ ದುಡ್ಡು ಕೇಳಿದರೆ ಮೊದಲು ರೆಂಚ್ ಕೈಗೆ ತಗೊಂಡು ಯಾವ ಸಾಲು ಯಾವುದು, ಎಷ್ಟರಿಂದ ಶುರು, ನೋಡಿ. ನಿಮ್ಮ ಬೋಲ್ಟಿನ ನಂಬರ್ ಅದರಲ್ಲೇ ಇಲ್ಲದಿದ್ದರೆ ಬೇಡ ಅನ್ನಿ. ಹಳೇ ಗಾಡಿಯ ಮ್ಯಾನುಯಲ್‌ನಲ್ಲಿ ಕೆಜಿ-ಮೀಟರ್ ಇರಬಹುದು, ಅದನ್ನು 9.8ರಿಂದ ಗುಣಿಸಿದರೆ ಎನ್‌ಎಂ. ಇಂಚ್-ಪೌಂಡ್ ಇದ್ದರೆ ಇನ್ನೂ ಹುಷಾರು, 12 ಇಂಚ್-ಪೌಂಡ್ ಸೇರಿದರೆ 1 ಫುಟ್-ಪೌಂಡ್. ಅಲ್ಲಿ ಎಡವಟ್ಟಾದರೆ ಥ್ರೆಡ್ ಅಲ್ಲ, ಬೋಲ್ಟೇ ತುಂಡಾಗುತ್ತೆ.

₹350 ವಾಪಸ್ ಕೇಳಿ ಮೆಸೇಜ್ ಹಾಕಿದ್ದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ರಿವ್ಯೂ ಬರೆದ ಮೇಲೆ ಮಾತ್ರ ತಕ್ಷಣ ಫೋನ್ ಬಂತು: ‘ಸರ್, ಅದೊಂದು ಡಿಲೀಟ್ ಮಾಡಿಬಿಡಿ, ಮುಂದಿನ ಸಲ ಆಯಿಲ್ ಫ್ರೀ ಹಾಕ್ಕೊಡ್ತೀನಿ.’ ಡಿಲೀಟ್ ಮಾಡಲ್ಲ ಅಂತ ಹೇಳಿ ಇಟ್ಟೆ.