ನೋಡುವುದಕ್ಕಿಂತ ಅಳೆಯುವುದಕ್ಕೆ ಮೇಲು: ಮಲೆನಾಡಿನ ತರಗತಿಯಲ್ಲಿ ಅಗ್ಗದ ಟ್ಯಾಬ್

ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಿಗೆ ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಏನಾದರೂ ಕೊಡಲು ಮುಂದಾದರೆ ಈಗ ಮೊದಲು ಕೇಳಿಬರುವುದು ಟ್ಯಾಬ್. ಹಿಂದೆ ಆ ಜಾಗದಲ್ಲಿ ಗೋಡೆ ಗಡಿಯಾರವೋ ಸ್ಟೀಲ್ ಬೀರುವೋ ಇರುತ್ತಿತ್ತು. ನಾನು ವಿಜ್ಞಾನ ಮತ್ತು ಗಣಿತ ಕಲಿಸುವ ಶಾಲೆಗೂ ಇಂಥವು ಬಂದಿವೆ: ಎಂಟು ಇಂಚಿನ ಪರದೆ, 3 ಜಿಬಿ ರ‍್ಯಾಮ್, 32 ಜಿಬಿ ಸಂಗ್ರಹ, ಹತ್ತು ಸಾವಿರ ರೂಪಾಯಿಯೊಳಗಿನ ಬೆಲೆ. ಕಂಪನಿ ಬೇರೆಯಾದರೂ ಈ ದರ್ಜೆಯ ಸಾಧನಗಳ ಗುಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಹೆಸರುಗಳ ಗೊಡವೆಗೆ ಹೋಗದೆ, ತರಗತಿಯಲ್ಲಿ ಇವು ಯಾವುದಕ್ಕೆ ಒದಗುತ್ತವೆ, ಯಾವುದಕ್ಕೆ ಒದಗುವುದಿಲ್ಲ ಎಂಬುದನ್ನಷ್ಟೇ ಬರೆಯುತ್ತೇನೆ.

ಕೊಡುವವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ವಿಡಿಯೊ ಪಾಠ. ಅದಕ್ಕೆ ಬೇಕಾದ ವ್ಯವಸ್ಥೆ ಇದ್ದೇ ಇದೆ. 2017ರ ಸೆಪ್ಟೆಂಬರ್ 5ರಂದು ಆರಂಭವಾದ, ಶಾಲಾ ಪಾಠಗಳ ಸರ್ಕಾರಿ ಜಾಲತಾಣವಾದ ದೀಕ್ಷಾ ವೇದಿಕೆಯ ಆ್ಯಪ್‌ನಲ್ಲಿ ಕನ್ನಡ ಮಾಧ್ಯಮವನ್ನು ಆರಿಸಿ, ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್‌ಗೆ ಕ್ಯಾಮೆರಾ ಹಿಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ನೋಡಬಹುದು. ಆದರೆ ಇಡೀ ತರಗತಿ ಒಂದೇ ವಿಡಿಯೊ ನೋಡಬೇಕೆಂದಿದ್ದರೆ ಒಂದು ಪ್ರೊಜೆಕ್ಟರ್ ಸಾಕು, ಹತ್ತು ಟ್ಯಾಬ್ ಬೇಡ. ಹತ್ತು ಟ್ಯಾಬ್‌ಗಳಿಂದ ಹತ್ತು ದನಿಗಳು ಹಿಂದುಮುಂದಾಗಿ ಹೊರಡುವ ಕೋಣೆಯಲ್ಲಿ ಪಾಠ ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ಅಲ್ಲಿ ಕುಳಿತವರಿಗೇ ಗೊತ್ತು.

ಈ ಸಾಧನಕ್ಕೆ ನಾನು ಅಂಕ ಕೊಡುವುದು ಬೇರೊಂದು ಕಾರಣಕ್ಕೆ. ಇದರೊಳಗೆ ಮೈಕ್ ಇದೆ, ವೇಗೋತ್ಕರ್ಷವನ್ನು (ವೇಗ ಬದಲಾಗುವ ದರವನ್ನು) ಅಳೆಯುವ ಸೆನ್ಸರ್ ಇದೆ, ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಎಣಿಸುವ ಗಡಿಯಾರವಿದೆ. ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ರೂಪಿಸಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇವನ್ನೆಲ್ಲ ಪ್ರಯೋಗಶಾಲೆಯ ಉಪಕರಣಗಳಾಗಿ ಬಳಸಲು ಅನುವು ಮಾಡಿಕೊಡುತ್ತದೆ, ಅದೂ ಇಂಟರ್ನೆಟ್ಟಿನ ಹಂಗಿಲ್ಲದೆ. ಒಂಬತ್ತನೆಯ ತರಗತಿಯ ‘ಶಬ್ದ’ ಪಾಠವನ್ನೇ ನೋಡಿ. ಗಾಳಿಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್ ಎಂದು ಕೋಷ್ಟಕ ಹೇಳುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಎರಡು ಟ್ಯಾಬ್‌ಗಳನ್ನು ಜಗಲಿಯಲ್ಲಿ ಐದು ಮೀಟರ್ ಅಂತರದಲ್ಲಿಟ್ಟು, ಎರಡರಲ್ಲೂ ಸದ್ದಿಗೆ ಓಡುವ, ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ತೆರೆದು, ಮೊದಲನೆಯದರ ಪಕ್ಕದಲ್ಲಿ ಒಬ್ಬಳು ಚಪ್ಪಾಳೆ ತಟ್ಟಬೇಕು. ತುಸು ಹೊತ್ತಿನ ನಂತರ ಎರಡನೆಯದರ ಪಕ್ಕದಲ್ಲಿ ಇನ್ನೊಬ್ಬ ತಟ್ಟಬೇಕು. ಮೊದಲ ಚಪ್ಪಾಳೆ ಎರಡನೆಯ ಟ್ಯಾಬನ್ನು ತಡವಾಗಿ ಮುಟ್ಟುತ್ತದೆ, ಎರಡನೆಯ ಚಪ್ಪಾಳೆ ಮೊದಲ ಟ್ಯಾಬನ್ನು ತಡವಾಗಿ ಮುಟ್ಟುತ್ತದೆ. ಹೀಗಾಗಿ ಎರಡೂ ಪರದೆಗಳ ಕಾಲದ ವ್ಯತ್ಯಾಸವು ಶಬ್ದ ಹತ್ತು ಮೀಟರ್ ಸಾಗಲು ಹಿಡಿದ ಕಾಲವಾಗುತ್ತದೆ. ಅದು ಸುಮಾರು 0.029 ಸೆಕೆಂಡ್. ಹತ್ತನ್ನು ಅದರಿಂದ ಭಾಗಿಸಿದಾಗ ಬರುವ ಸಂಖ್ಯೆ ಒಂದೊಂದು ಗುಂಪಿನಲ್ಲಿ ಒಂದೊಂದು. ಏಕೆ ಹೀಗಾಯಿತು, ಟೇಪ್ ಸರಿಯಾಗಿ ಹಿಡಿದಿರಲಿಲ್ಲವೇ, ಕೈ ಮೈಕಿನಿಂದ ದೂರವಿತ್ತೇ ಎಂಬ ಜಗಳ ಎದ್ದಾಗಲೇ ನಿಜವಾದ ವಿಜ್ಞಾನದ ತರಗತಿ ಶುರುವಾಗುತ್ತದೆ. ಕೈಗಡಿಯಾರ ಹಿಡಿದು ಈ ಪ್ರಯೋಗ ಮಾಡಲು ಸಾಧ್ಯವೇ ಇಲ್ಲ.

ಗಣಿತಕ್ಕೆ ನಕ್ಷೆ, ಆಕೃತಿಗಳನ್ನು ಬಿಡಿಸುವ ಜಿಯೋಜಿಬ್ರಾ ಆ್ಯಪ್ ಇದೆ. ಹತ್ತನೆಯ ತರಗತಿಯ ರೇಖಾತ್ಮಕ ಸಮೀಕರಣಗಳಲ್ಲಿ ಸಹಗುಣಕವನ್ನು ಬೆರಳಿನಿಂದ ಜರುಗಿಸುತ್ತಾ ಎರಡು ರೇಖೆಗಳು ಛೇದಿಸುವುದನ್ನೂ ಸಮಾಂತರವಾಗುವುದನ್ನೂ ನೋಡುವುದು ನಕ್ಷೆ ಹಾಳೆಯಲ್ಲಿ ಆಗದ ಕೆಲಸ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳಲ್ಲಿ (ಪರದೆಯ ಮೇಲೆಯೇ ಮಾಡಿನೋಡುವ ಪ್ರಯೋಗಗಳಲ್ಲಿ) ಹಲವು ಕನ್ನಡದಲ್ಲೇ ಸಿಗುತ್ತವೆ, ಇಳಿಸಿಟ್ಟುಕೊಳ್ಳಲೂಬಹುದು. ಬರವಣಿಗೆಗೆ ಮಾತ್ರ ಟ್ಯಾಬನ್ನು ನೆಚ್ಚಬೇಡಿ. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ಮಕ್ಕಳು ಬರೆಯಬೇಕೆಂದಿದ್ದ ವಾಕ್ಯವನ್ನೇ ಮರೆತಿರುತ್ತಾರೆ. ಪರದೆಯ ಮೇಲೆ ಬೆರಳಿನಿಂದ ಬರೆದದ್ದನ್ನು ಅಕ್ಷರವಾಗಿಸುವ ಸೌಲಭ್ಯ ಕನ್ನಡಕ್ಕೂ ಇದ್ದು, ಅದು ಎಷ್ಟೋ ವಾಸಿ. ಆದರೂ ನೋಟ್‌ಬುಕ್ಕಿಗೆ ಸಾಟಿಯಲ್ಲ.

ನೆಟ್‌ವರ್ಕ್ ವಿಷಯದಲ್ಲಿ ನಮ್ಮ ಜಿಲ್ಲೆಯದು ವಿಚಿತ್ರ ಸ್ಥಿತಿ. ಹಾಸನದಲ್ಲಿ 1982ರಿಂದ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ; 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಬಿಟ್ಟ ಎಡುಸ್ಯಾಟ್ ಉಪಗ್ರಹವನ್ನು ನೋಡಿಕೊಂಡದ್ದೂ ಇಲ್ಲಿಂದಲೇ. ಅದೇ ಜಿಲ್ಲೆಯ ಹೆತ್ತೂರು, ಬಿಸಿಲೆ ಕಡೆಯ ಕಣಿವೆಗಳಿಗೆ ಇಳಿದರೆ ಫೋನಿನ ಸಿಗ್ನಲ್ ಮರೆಯಾಗುತ್ತದೆ. ಆದ್ದರಿಂದ ಎಲ್ಲವನ್ನೂ ಪಟ್ಟಣದಲ್ಲೇ ಇಳಿಸಿಕೊಂಡು ಹೋಗುವುದು ಅನಿವಾರ್ಯ, ಮತ್ತು ಹಾಗೆ ಮಾಡಿದರೆ 32 ಜಿಬಿ ಬೇಗನೆ ತುಂಬುತ್ತದೆ, ಏಕೆಂದರೆ ಅದರಲ್ಲಿ ಒಳ್ಳೆಯ ಪಾಲನ್ನು ಆಂಡ್ರಾಯ್ಡ್ ತಾನೇ ತೆಗೆದುಕೊಂಡಿರುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗವಿಲ್ಲದ ಮಾದರಿಯನ್ನು ಶಾಲೆಗೆ ಕೊಳ್ಳಲೇಬಾರದು.

ಮಳೆಗಾಲ ಇನ್ನೊಂದು ಪರೀಕ್ಷೆ. ಪರದೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ಕೆಲಸ ಮಾಡುವುದರಿಂದ, ಕೊಡೆ ಮಡಚಿ ಒಳಗೆ ಬಂದ ಮಗುವಿನ ಒದ್ದೆ ಕೈಯ ಹನಿಯನ್ನೂ ಬೆರಳೆಂದೇ ತಿಳಿದು ಎಲ್ಲೆಲ್ಲೋ ತೆರೆದುಕೊಳ್ಳುತ್ತದೆ. ಕೈ ಒರೆಸಲು ಒಂದು ಬಟ್ಟೆ ಇಟ್ಟರೆ ಅದು ಮುಗಿಯಿತು. ಚಾರ್ಜಿಂಗ್ ಹಾಗೆ ಮುಗಿಯುವುದಿಲ್ಲ. ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ಜುಲೈನಲ್ಲಿ ಹತ್ತು ಚಾರ್ಜರ್‌ಗಳನ್ನು ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಕಾಯುವ ಕೆಲಸ ಯಾರದು ಎಂಬುದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ತೀರ್ಮಾನವಾಗಬೇಕು. ಮಳೆ ರಜೆ, ಬೇಸಿಗೆ ರಜೆಗಳಲ್ಲಿ ಬೀರುವಿಗೆ ಸೇರಿಸುವಾಗ ಬ್ಯಾಟರಿ ಅರ್ಧದಷ್ಟಿರಲಿ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ ಕೂತರೂ ಪೂರ್ತಿ ಬರಿದಾಗಿ ಕೂತರೂ ಅದರ ಆಯುಷ್ಯ ಕುಗ್ಗುತ್ತದೆ.

ಮಗುವಿಗೊಂದು ಟ್ಯಾಬ್ ಎಂಬ ಆಸೆಯನ್ನು ನಾನು ಒಪ್ಪುವುದಿಲ್ಲ. ಮೂವರಿಗೊಂದು ಇದ್ದರೆ ಒಬ್ಬರು ಅಳೆಯುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಒಬ್ಬರು ತಪ್ಪು ಹುಡುಕುತ್ತಾರೆ, ಮತ್ತು ಯಾರೂ ಗೇಮ್ ಆಡಲು ಹೋಗುವುದಿಲ್ಲ. ಅಷ್ಟಕ್ಕೂ ನಂಬಿಕೆ ಬಾರದವರು ಒಂದು ಆ್ಯಪ್ ಬಿಟ್ಟು ಆಚೆ ಹೋಗದಂತೆ ಪಿನ್ ಮಾಡುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿಕೊಳ್ಳಬಹುದು.

ಹಾಸನದ ಅಂಗಡಿಗೆ ಹೋದವರು ಹಣ ಕೊಡುವ ಮುನ್ನ ಅಲ್ಲೇ ಫೈಫಾಕ್ಸ್ ಹಾಕಿಸಿ ಅದರ ಪಟ್ಟಿಯನ್ನು ನೋಡಲಿ. ಟ್ಯಾಬ್‌ನಲ್ಲಿ ಇಲ್ಲದ ಸೆನ್ಸರಿನ ಪ್ರಯೋಗಗಳು ಅಲ್ಲಿ ಮಸುಕಾಗಿ ಕಾಣುತ್ತವೆ. ಕಾಂತಕ್ಷೇತ್ರ, ಬೆಳಕು, ವಾಯುಭಾರ ಇವು ಮಸುಕಾಗಿದ್ದರೆ ಈ ಬೆಲೆಗೆ ಆಶ್ಚರ್ಯವಿಲ್ಲ. ವೇಗೋತ್ಕರ್ಷವೂ ಮಸುಕಾಗಿದ್ದರೆ ಬೇರೆ ಮಾದರಿ ಕೇಳಬೇಕು.