ಒಂದೇ ಹಾಡು, ಎರಡು ಎಲ್‌ಪಿ: ಓಟಿಸ್ಸಾ, ಅರೀಥಾನಾ?

ಅಮೆರಿಕದ ಕಪ್ಪು ಜನರ ಸೋಲ್ (soul) ಸಂಗೀತದಲ್ಲಿ ಗಂಡು ದನಿಯ ಪ್ರಭಾವ ಜಾಸ್ತಿಯೋ ಹೆಣ್ಣು ದನಿಯದ್ದೋ ಅಂತ ಸುಮ್ನೆ ಜಗಳ ಆಡೋ ಬದಲು ಈ ಎರಡು ರೆಕಾರ್ಡ್ ಒಂದರ ಹಿಂದೊಂದು ಹಾಕಿ ಕೇಳಿ. ಓಟಿಸ್ ರೆಡಿಂಗ್ ಅವರ 'ಓಟಿಸ್ ಬ್ಲೂ' (1965), ಅರೀಥಾ ಫ್ರಾಂಕ್ಲಿನ್ ಅವರ 'ಐ ನೆವರ್ ಲವ್ಡ್ ಎ ಮ್ಯಾನ್ ದ ವೇ ಐ ಲವ್ ಯು' (1967).

'ರೆಸ್ಪೆಕ್ಟ್' ಎರಡರಲ್ಲೂ ಇದೆ. ಬರೆದವರು ಓಟಿಸ್. ಅವರ ಹಾಡಲ್ಲಿ ದುಡಿದು ಮನೆಗೆ ಬಂದ ಗಂಡಸು ಒರಟು ದನಿಯಲ್ಲಿ ಮರ್ಯಾದೆ ಕೇಳುತ್ತಾನೆ, ಹಿಂದೆ ಅಮೆರಿಕದ ಮೆಂಫಿಸ್ ಊರಿನ ಕಹಳೆಗಳು ಗುದ್ದುತ್ತವೆ, ಚೆನ್ನಾಗಿದೆ. ಆದರೆ ಅರೀಥಾ ಅದೇ ಹಾಡನ್ನು ಪೂರ್ತಿ ತಿರುಗಿಸಿಬಿಡುತ್ತಾರೆ. ಈಗ ಮರ್ಯಾದೆ ಕೇಳೋದು ಹೆಂಗಸು, ಅದೂ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಅರ್ಮಾ ಹಿಂದಿನಿಂದ ದನಿಗೂಡಿಸುತ್ತಾ, ನಡುವೆ ಕಿಂಗ್ ಕರ್ಟಿಸ್ ಸ್ಯಾಕ್ಸೊಫೋನ್ ಬೇರೆ. ಅಕ್ಷರ ಬಿಡಿಸೋ ಆ ಜಾಗ ಓಟಿಸ್ ಹಾಡಲ್ಲಿ ಇಲ್ಲವೇ ಇಲ್ಲ! ಹೆಣ್ಣುಮಕ್ಕಳ ಚಳವಳಿ, ಕಪ್ಪು ಜನರ ಹಕ್ಕಿನ ಹೋರಾಟ ಎರಡೂ ಎತ್ತಿಕೊಂಡಿದ್ದು ಅರೀಥಾ ಹಾಡನ್ನೇ.

ಇನ್ನೊಬ್ಬ ಸೋಲ್ ಗಾಯಕ ಸ್ಯಾಮ್ ಕುಕ್ ಅವರ 'ಎ ಚೇಂಜ್ ಈಸ್ ಗಾನಾ ಕಮ್' ಕೂಡ ಎರಡರಲ್ಲೂ ಇದೆ. ಇಲ್ಲಿ ನನ್ನ ಓಟು ಓಟಿಸ್‌ಗೆ. ಗಂಟಲು ಕಟ್ಟಿದ ಹಾಗೆ ಹಾಡುತ್ತಾರೆ ಪುಣ್ಯಾತ್ಮ. 1967ರ ಡಿಸೆಂಬರ್‌ನಲ್ಲಿ ವಿಮಾನ ಬಿದ್ದು ತೀರಿಹೋದಾಗ ಬರೀ 26 ವರ್ಷ.

ಒಂದೇ ಕೊಳ್ಳೋದಾದರೆ ಅರೀಥಾ. ದುಡ್ಡಿದ್ದರೆ ಎರಡೂ ತಗೊಳ್ಳಿ, ಓಟಿಸ್‌ದನ್ನು ಮೊದಲು ಹಾಕಿ.