ಹಳೇ ಲೇತಿಗೆ ಕ್ಲಾಂಪ್ ಕರೆಂಟ್ ಸೆನ್ಸರ್ ಕಿಟ್: ತಗೋಬಹುದಾ?

ಮೆಷಿನ್ ಎಷ್ಟು ಹೊತ್ತು ನಿಜವಾಗಿ ಕಟಿಂಗ್ ಮಾಡಿತು, ಎಷ್ಟು ಹೊತ್ತು ಸುಮ್ಮನೆ ತಿರುಗಿತು ಅಂತ ತಿಳಿಯೋಕೆ ಈ ಕಿಟ್ ಧಾರಾಳವಾಗಿ ತಗೋಬಹುದು. ಮೋಟರಿಗೆ ಹೋಗುವ ವೈರಿನ ಸುತ್ತ ಕ್ಲಾಂಪ್ ಹಾಕಿ ಕರೆಂಟ್ ಅಳೆಯುತ್ತದೆ; ಕಟಿಂಗ್ ಆಗುವಾಗ ಕರೆಂಟ್ ಏರುತ್ತದೆ. ವೈರ್ ಕತ್ತರಿಸಬೇಕಿಲ್ಲ, ಪಿಎಲ್‌ಸಿ (ಮೆಷಿನ್ ನಡೆಸುವ ಕಂಟ್ರೋಲರ್) ಮುಟ್ಟಬೇಕಿಲ್ಲ. ಆದರೆ ಮೇನ್ ಆಫ್ ಮಾಡಿಯೇ ಪ್ಯಾನೆಲ್ ತೆರೆಯಿರಿ.

ಕ್ಲಾಂಪ್ ಒಂದೇ ಫೇಸ್ ವೈರಿಗೆ ಹಾಕಬೇಕು. ಮೂರನ್ನೂ ಒಟ್ಟಿಗೆ ಹಿಡಿದರೆ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕಿ ರೀಡಿಂಗ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಸೆನ್ಸರ್ ಕೆಟ್ಟಿದೆ ಅಂತ ವಾಪಸ್ ಕಳಿಸೋ ಮುಂಚೆ ಇದನ್ನು ನೋಡಿ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಅದರ ಇನ್‌ಪುಟ್ ಕಡೆಯೇ ಹಾಕಿ. ಔಟ್‌ಪುಟ್‌ನಲ್ಲಿ ಫ್ರೀಕ್ವೆನ್ಸಿ ಬದಲಾಗುತ್ತಿರುವುದರಿಂದ ಅಳತೆ ತಪ್ಪುತ್ತದೆ. ಕ್ಲಾಂಪಿನ ಬಾಯಲ್ಲಿ ಎಣ್ಣೆ, ಧೂಳು ಕೂತು ಸರಿಯಾಗಿ ಮುಚ್ಚದಿದ್ದರೂ ರೀಡಿಂಗ್ ಇಳಿಯುತ್ತದೆ.

ಸೆನ್ಸರ್‌ಗಳ ರೀಡಿಂಗ್ ಸಾಗಿಸುವ ಆರ್‌ಎಸ್-485 ಡೇಟಾ ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್, ಪ್ರತಿ ಸೆನ್ಸರಿಗೂ ಬೇರೆ ಐಡಿ. ಇಷ್ಟು ಸಾಕು.

ಎಷ್ಟು ಕರೆಂಟ್ ದಾಟಿದರೆ ಕಟಿಂಗ್ ಅಂತ ಲೆಕ್ಕ ಹಿಡಿಯಬೇಕು ಅನ್ನೋ ಮಿತಿ ಹೊಂದಿಸುವುದೇ ಮುಖ್ಯ ಕೆಲಸ. ಟೂಲ್ ತಾಗಿಸದೆ 5 ನಿಮಿಷ ಓಡಿಸಿ ಕರೆಂಟ್ ಬರೆದುಕೊಳ್ಳಿ, ಆಮೇಲೆ ಅತಿ ಹಗುರ ಕಟ್‌ನಲ್ಲಿ ನೋಡಿ, ಮಿತಿಯನ್ನು ನಡುವೆ ಇಡಿ. ಫಿನಿಶಿಂಗ್ ಕಟ್‌ನಲ್ಲಿ ಈ ಅಂತರ ತೀರಾ ಕಡಿಮೆ, ಕಿಟ್ ಸೋಲುವುದು ಅಲ್ಲೇ. ಮೆಷಿನ್ ಯಾಕೆ ನಿಂತಿತು ಅನ್ನೋದನ್ನೂ ಇದು ಹೇಳಲ್ಲ. ಅದಕ್ಕೆ ಆಪರೇಟರ್ ಒತ್ತುವ ಬಟನ್ ಬಾಕ್ಸ್ ಬೇರೆ ಬೇಕು.